ಐದನೆಯ ಜೇಬು

ಆ ದರ್ಜಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಬೀದಿಯವರು ಮಾತ್ರ ಅವನನ್ನು ನಾಳೆಯಪ್ಪ ಎಂದು ಕರೆಯುತ್ತಿದ್ದರು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವನ ಅಂಗಡಿಯ ಮೂರು ಮೆಟ್ಟಿಲು ಹತ್ತಿ "ಬಟ್ಟೆ ಆಯ್ತಾ?" ಎಂದು ಕೇಳಿದವರಿಗೆಲ್ಲ ಅವನು ಕೊಟ್ಟ ಉತ್ತರ "ನಾಳೆ" ಎಂಬುದೊಂದೇ. ಒಬ್ಬ ಮದುಮಗನ ಕೋಟು ಅವನ ಚೊಚ್ಚಲ ಮಗು ಹುಟ್ಟಿದ ಮೇಲೆ ಸಿದ್ಧವಾಯಿತು ಎಂಬ ಮಾತು ಊರಲ್ಲಿದೆ. ವಿಚಾರಿಸಿ ನೋಡಿದರೆ ಅದು ಉತ್ಪ್ರೇಕ್ಷೆ. ಮಗು ಹುಟ್ಟಲು ಆಗ ಇನ್ನೂ ಒಂದು ತಿಂಗಳಿತ್ತು.

ನಾಳೆಯಪ್ಪನ ಮೈಮೇಲೆ ಸದಾ ಒಂದು ಬೂದು ಬಣ್ಣದ ವಾಸ್ಕೋಟು. ಅದಕ್ಕೆ ನಾಲ್ಕು ಜೇಬು. ಒಂದರಲ್ಲಿ ಗುರುತು ಹಾಕುವ ಸೀಮೆಸುಣ್ಣ, ಇನ್ನೊಂದರಲ್ಲಿ ಚಿಕ್ಕ ಕತ್ತರಿ, ಮೂರನೆಯದರಲ್ಲಿ ದಾರದ ಉಂಡೆ, ನಾಲ್ಕನೆಯದರಲ್ಲಿ ಕನ್ನಡಕ. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ವಾಸ್ಕೋಟನ್ನು ಗೋಡೆಯ ಮೊಳೆಗೆ ತೂಗುಹಾಕಿ, ಒಳಕೋಣೆಯಲ್ಲಿದ್ದ ಬಟ್ಟೆಯ ರಾಶಿಯ ಮೇಲೆ ಒರಗಿ, ನಾಲ್ಕರವರೆಗೆ ನಿದ್ದೆ ಮಾಡುತ್ತಿದ್ದ. ಅವನ ದಿನದಲ್ಲಿ ಹೇಳಿದ ವೇಳೆಗೆ ತಪ್ಪದೆ ನಡೆಯುತ್ತಿದ್ದ ಕೆಲಸ ಇದೊಂದೇ.

ಹೀಗಿರುವಾಗ ಊರ ಹೊರಗಿನ ಹಳೆಯ ಕೋಟೆಗೆ ಸಿನಿಮಾದವರು ಬಂದರು.

ಏಳುನೂರು ವರ್ಷದ ಹಿಂದಿನ ಕಥೆ. ಕುದುರೆಲಾಯ ನೋಡಿಕೊಳ್ಳುವವನ ಹದಿನೈದು ವರ್ಷದ ಮಗಳಿಗೆ ಕೋಟೆ ಗೋಡೆಯಾಚೆ ಏನಿದೆ ಎಂದು ಒಂದೇ ಒಂದು ದಿನ ನೋಡಿಕೊಂಡು ಬರುವ ಆಸೆ. ಅವಳು ಗೋಡೆ ಹತ್ತಿ ಇಳಿಯುತ್ತಾಳೆ, ದೊಡ್ಡವಳಾಗಿ ಹಿಂತಿರುಗುತ್ತಾಳೆ. ಯುದ್ಧವಿಲ್ಲ, ಸಾವಿಲ್ಲ, ಒಂದು ಕತ್ತೆ ಇದೆ. ಎಲ್ಲವೂ ಸರಿಯಾಗಿತ್ತು, ಉಡುಪಿನ ಪೆಟ್ಟಿಗೆಗಳನ್ನು ತೆರೆಯುವವರೆಗೆ. ಒಳಗಿದ್ದದ್ದು ಬೇರೆ ಯಾವುದೋ ಚಿತ್ರದ ನಲವತ್ತೊಂದು ಪೊಲೀಸ್ ಯೂನಿಫಾರ್ಮು, ಬೆಲ್ಟಿನ ಸಮೇತ.

ಉಡುಪಿನ ಉಸ್ತುವಾರಿ ಹೊತ್ತ ಮೇಡಂ ಊರಲ್ಲಿ ದರ್ಜಿ ಯಾರೆಂದು ವಿಚಾರಿಸುತ್ತ ನಾಳೆಯಪ್ಪನ ಅಂಗಡಿಗೆ ಬಂದರು. "ಹನ್ನೆರಡು ದಿನ, ನಲವತ್ತೊಂದು ನಿಲುವಂಗಿ. ಹಳೇ ಕಾಲದ್ದು. ಹೊಲಿದು ಗೊತ್ತಾ?"

ಗೊತ್ತಿಲ್ಲ ಎನ್ನುವುದಕ್ಕೆ ನಾಳೆಯಪ್ಪ ಬಾಯಿ ತೆರೆದದ್ದು ನಿಜ. ಆದರೆ ಎದುರಿನ ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಕೆಳಗಿಟ್ಟು ಕಿವಿ ನಿಮಿರಿಸಿ ನಿಂತಿದ್ದ.

"ಗೊತ್ತಾ ಅಂದ್ರೇನು ಮೇಡಂ? ನಮ್ಮ ಮುತ್ತಜ್ಜನ ಮುತ್ತಜ್ಜ ಇದೇ ಕೋಟೆ ರಾಜನಿಗೆ ಹೊಲೀತಿದ್ದ."

ಅವನ ಮುತ್ತಜ್ಜ ಹೊಲಿಯುತ್ತಿದ್ದದ್ದು ಗೋಣಿಚೀಲ. ಅದಕ್ಕೂ ಹಿಂದಿನವರು ಏನು ಮಾಡುತ್ತಿದ್ದರೋ ಯಾರಿಗೂ ಗೊತ್ತಿಲ್ಲ. ಆದರೆ ಮಾತು ಬಾಯಿಂದ ಹೊರಬಿದ್ದಾಗಿತ್ತು. ಸಂಜೆಯೊಳಗೆ ಅದು ಬೀದಿ ದಾಟಿತ್ತು.

ಅದು ಮುಟ್ಟಬಾರದ ಒಂದೇ ಕಿವಿಗೆ ಮುಟ್ಟಿತು. ಅವನ ಹೆಂಡತಿಯ ತಮ್ಮ ಹೈಸ್ಕೂಲಿನ ಇತಿಹಾಸದ ಮೇಷ್ಟ್ರು. ಅದೇ ಚಿತ್ರಕ್ಕೆ ಸಲಹೆಗಾರ. ಕೈಯಲ್ಲಿ ಯಾವಾಗಲೂ ಒಂದು ಭೂತಗನ್ನಡಿ. ಕತ್ತೆಯ ಕೊರಳ ಗಂಟೆಯ ಒಳಗೆ ಕಾರ್ಖಾನೆಯ ಮುದ್ರೆ ಕಂಡದ್ದಕ್ಕೆ ಕತ್ತೆಯನ್ನೇ ವಾಪಸು ಕಳಿಸಿದ್ದ ಮನುಷ್ಯ.

"ಭಾವ, ಗೋಣಿಚೀಲ ಯಾವಾಗ ರಾಜನ ಬಟ್ಟೆ ಆಯ್ತು?" ಎಂದ ಮೇಷ್ಟ್ರು, ಅಂಗಡಿಗೆ ಬಂದವನೇ.

"ನಿನ್ನ ಅಕ್ಕನಿಗೆ ಹೇಳಬೇಡಪ್ಪ."

"ಹೇಳಲ್ಲ. ಆದ್ರೆ ಇದನ್ನ ಓದಿ." ಒಂದು ಚೀಟಿ ಮುಂದಿಟ್ಟ. ಕಾಲರ್ ಇರಕೂಡದು, ಜಿಪ್ ಇರಕೂಡದು, ಎಲಾಸ್ಟಿಕ್ ಇರಕೂಡದು, ಗುಂಡಿಯ ಕಾಜ ಇರಕೂಡದು, ಜೇಬು ಇರಕೂಡದು. ಜೇಬಿನ ಕೆಳಗೆ ಎರಡು ಗೆರೆ. "ಆಗ ಸೊಂಟಕ್ಕೆ ಚೀಲ ಕಟ್ಕೋತಿದ್ರು. ಒಂದೇ ಒಂದು ಜೇಬು ಕಂಡ್ರೆ ಪೂರ್ತಿ ಬಟ್ಟೆ ವಾಪಸ್. ಸಿನಿಮಾದೋರು ಬೇರೆ ಊರು ನೋಡ್ಕೊತಾರೆ. ನಿಮ್ಮ ಮುತ್ತಜ್ಜನ ಕಥೇನೂ ನಾನೇ ಹೇಳಬೇಕಾಗುತ್ತೆ."

ಆ ಮಾತನ್ನು ಇಬ್ಬರು ಕೇಳಿಸಿಕೊಂಡರು. ಒಬ್ಬ ನಾಳೆಯಪ್ಪ. ಇನ್ನೊಬ್ಬಳು ಒಳಕೋಣೆಯ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದ ಮಗಳು, ಬಟನ್.

ಒಂದೂವರೆ ವರ್ಷದವಳಿದ್ದಾಗ ಕೋಟಿನ ಬಟನ್ ನುಂಗಿ, ಎರಡು ದಿನ ಮನೆಯವರ ಜೀವ ಹಿಂಡಿದ್ದರಿಂದ ಬಂದ ಹೆಸರು ಅದು. ಈಗ ಅವಳಿಗೆ ಹದಿನೈದು. ಎಡಗೈಯಲ್ಲಿ ಬರೆಯುತ್ತಿದ್ದಳು, ಬರೆದದ್ದರ ಮೇಲೆಯೇ ಕೈ ಸರಿದು ಕಿರುಬೆರಳಿನ ಅಂಚು ಸದಾ ನೀಲಿ. ಹೊಲಿಗೆ ಮೆಷಿನ್ನನ್ನು ಮುಟ್ಟಕೂಡದೆಂದು ಅಪ್ಪ ಅವಳಿಗೆ ಕಟ್ಟಪ್ಪಣೆ ಮಾಡಿದ್ದ. "ಬಗ್ಗಿ ಬಗ್ಗಿ ನನ್ನ ಕತ್ತು ಪ್ರಶ್ನೆ ಚಿಹ್ನೆ ಆಗಿದೆ. ನಿನ್ನದಾದ್ರೂ ನೆಟ್ಟಗಿರಲಿ. ಓದು, ಕುರ್ಚಿ ಇರೋ ಕೆಲಸಕ್ಕೆ ಸೇರು." ಈ ಒಂದು ವಿಷಯದಲ್ಲಿ ಮಾತ್ರ ನಾಳೆಯಪ್ಪ ಯಾವತ್ತೂ "ನಾಳೆ" ಎಂದವನಲ್ಲ.

ಎರಡನೆಯ ದಿನ ಅವನ ಕನ್ನಡಕ ಕಳೆಯಿತು.

ನಾಲ್ಕು ಗಂಟೆಗೆ ಎದ್ದು ವಾಸ್ಕೋಟು ತೊಟ್ಟು ನಾಲ್ಕನೆಯ ಜೇಬಿಗೆ ಕೈ ಹಾಕಿದರೆ ಜೇಬು ಖಾಲಿ. ಮೆಷಿನ್ನಿನ ಕೆಳಗೆ, ಬಟ್ಟೆಯ ಕೆಳಗೆ, ಕೊನೆಗೆ ಇಸ್ತ್ರಿಯವನ ಇದ್ದಿಲ ಮೂಟೆಯಲ್ಲೂ ಹುಡುಕಿದರು. ಕನ್ನಡಕದ ಅಂಗಡಿಗೆ ಹೋದ. ಅಂಗಡಿಯವನ ಪ್ಯಾಂಟು ಎಂಟು ತಿಂಗಳಿಂದ ನಾಳೆಯಪ್ಪನ ಬಳಿಯೇ ಇತ್ತು. ಕನ್ನಡಕದವನು ಬಹಳ ಹೊತ್ತು ಅವನ ಮುಖ ನೋಡಿ, ಎಷ್ಟೋ ದಿನದಿಂದ ಕಾದಿದ್ದ ಮಾತನ್ನು ಮೆತ್ತಗೆ ಹೇಳಿದ: "ನಾಳೆ ಬನ್ನಿ."

ಸರಿ, ಕೈಯ ಅಂದಾಜಿನಲ್ಲೇ ಹೊಲಿಯುವುದೆಂದು ತೀರ್ಮಾನವಾಯಿತು. ಇಪ್ಪತ್ತೊಂಬತ್ತು ವರ್ಷದ ಕೈಗೆ ಕಣ್ಣಿನ ಹಂಗೇನು? ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ಮಾತ್ರ ಬಟನ್‌ಗೆ ಬಂತು.

ಅದೇ ದಿನದಿಂದ ಎಡ ಪಕ್ಕೆಲುಬಿನ ಕೆಳಗೆ ಏನೋ ಚುಚ್ಚತೊಡಗಿತು. ಬಗ್ಗಿದರೆ ಜಾಸ್ತಿ. ದವಾಖಾನೆಯ ಕಂಪೌಂಡರು ಬೆರಳಿನಿಂದ ಎರಡು ಸಲ ಒತ್ತಿ ನೋಡಿದ. "ಗಟ್ಟಿಯಾಗಿದೆ. ವಾಯು," ಎಂದ. ಗುಲಾಬಿ ಬಣ್ಣದ ಮಾತ್ರೆ ಕೊಟ್ಟ.

ಮೂರನೆಯ ದಿನ ಮಧ್ಯಾಹ್ನ ಅವನಿಗೊಂದು ಕನಸು ಬಿತ್ತು. ಬಟ್ಟೆಯ ರಾಶಿಯೇ ಕೋಟೆಯಾಗಿತ್ತು. ಗೋಡೆಗಳು ಒರಗಿದರೆ ತಗ್ಗುವಷ್ಟು ಮೆತ್ತಗಿದ್ದವು. ಕಿಟಕಿಯಿಂದ ಇಳಿಬಿದ್ದ ಬಿಸಿಲಿನಲ್ಲಿ ಧೂಳಿನ ಬದಲು ನೂಲಿನ ಎಳೆಗಳು ತೇಲುತ್ತಿದ್ದವು, ಕೆಳಗೆ ಬೀಳಲು ಯಾವುದಕ್ಕೂ ಅವಸರವಿರಲಿಲ್ಲ. ದೂರದಲ್ಲಿ ಕುದುರೆಯ ಗೊರಸಿನ ಸದ್ದು. ಟಕಟಕಟಕ ಎಂದು ಓಡಿ ಬಂದು ನಿಲ್ಲುವುದು, ತಿರುಗಿ ಮತ್ತೆ ಟಕಟಕ. ಕುದುರೆಯ ಮೇಲಿದ್ದ ಸವಾರ ಚಿಕ್ಕವನೋ ಚಿಕ್ಕವಳೋ, ಮುಖ ಕಾಣಲಿಲ್ಲ. ಮುಚ್ಚಿದ ಮುಷ್ಟಿಯೊಂದನ್ನು ಮುಂದೆ ಚಾಚಿ ಆ ಸವಾರ ಕೇಳಿದ್ದು ಒಂದೇ ಮಾತು:

"ಇದನ್ನ ಎಲ್ಲಿಡಲಿ?"

ಉತ್ತರ ಹೇಳುವುದರೊಳಗೆ ಎಚ್ಚರವಾಯಿತು. ಪಕ್ಕದಲ್ಲಿದ್ದ ಕಾವಲುಗಾರನ ನಿಲುವಂಗಿಯ ಮೇಲೆ ಅಂಗೈ ಆಡಿಸಿದ. ಬಲಗಡೆ, ಸೊಂಟದ ಕೆಳಗೆ, ಅಂಗೈ ಒಳಗೆ ಜಾರಿತು.

ಜೇಬು.

"ಲೇ!" ಎಂದು ಹೆಂಡತಿಯನ್ನು ಕೂಗಿದ. "ಇದನ್ನ ಯಾರು ಇಟ್ಟಿದ್ದು?"

"ಅಂಗಡಿಯಲ್ಲಿ ಹೊಲಿಯೋರು ಎಷ್ಟು ಜನ ಇದ್ದಾರೆ ರೀ?" ಎಂದಳು ಹೆಂಡತಿ. "ಮರೆತು ಹೊಲಿದಿರ್ತೀರ. ಹೋದ ವರ್ಷ ದಿಂಬಿನ ಚೀಲಕ್ಕೇ ಜೇಬಿಟ್ಟಿದ್ರಿ."

ಅದು ಸತ್ಯ ಸಂಗತಿ. ನಾಳೆಯಪ್ಪ ಜೇಬು ಬಿಚ್ಚಿ ಹಾಕಿದ. ಮಾರನೆಯ ದಿನ ಅದೇ ಕನಸು, ಅದೇ ಕುದುರೆ. ಎದ್ದರೆ ಎರಡು ಜೇಬು. ಅದರ ಮರುದಿನ ಮೂರು. ಬಿಚ್ಚುತ್ತ ಕೂತರೆ ಹೊಲಿಯಲು ಹೊತ್ತಿಲ್ಲ. ಐದನೆಯ ದಿನ ಅವನು ಬಿಚ್ಚುವುದನ್ನು ಬಿಟ್ಟು ಹೆದರುವುದಕ್ಕೆ ಶುರು ಮಾಡಿದ.

"ನಿದ್ದೆಯಲ್ಲಿ ನಡೆಯೋರನ್ನ ನೋಡಿದೀನಿ," ಎಂದ ಕಂಪೌಂಡರು, ಮಾತ್ರೆಯ ಬಣ್ಣ ಬದಲಿಸುತ್ತ. "ನಿದ್ದೆಯಲ್ಲಿ ಹೊಲಿಯೋರು ನೀವೇ ಮೊದಲು."

"ನಿದ್ದೆ ಅಲ್ರೀ ಅದು," ಎಂದ ಇಸ್ತ್ರಿಯವನು. "ಆ ಮುತ್ತಜ್ಜ ಇದಾನಲ್ಲ, ಅರಮನೆಯೋನು, ಅವನ ಕೆಲಸ. ಕೋಟೆ ಬಟ್ಟೆ ಅಂದ ತಕ್ಷಣ ಎದ್ದು ಬಂದಿದಾನೆ. ಇಲ್ಲದಿದ್ರೆ ನೀವು ಎಚ್ಚರ ಇದ್ದಾಗ್ಲೇ ಹೊಲಿಯಲ್ಲ, ಮಲಗಿದ್ದಾಗ ಹೊಲೀತೀರಾ?"

ಈ ವಾದದಲ್ಲಿ ಬೀದಿಯವರಿಗೆ ಒಂದೇ ಒಂದು ಲೋಪವೂ ಕಾಣಲಿಲ್ಲ.

ಆರನೆಯ ದಿನ ಎರಡು ಗಂಟೆಗೆ ಅಂಗಡಿಯ ಮುಂದೆ ಹದಿನೇಳು ಜನ ನಿಂತಿದ್ದರು. ಹೆಂಡತಿಯ ಅಕ್ಕ ತಿಂಡಿ ಡಬ್ಬಿ ಹಿಡಿದುಕೊಂಡೇ ಬಂದಿದ್ದಳು. "ನಮ್ಮ ತಂಗಿ ಗಂಡನಲ್ಲಿ ಇಂಥಾದ್ದೊಂದು ಇದೆ ಅಂತ ನನಗೆ ಮೊದಲೇ ಗೊತ್ತಿತ್ತು," ಎಂದಳು. ಹಿಂದಿನ ವಾರ ಅವಳು ಅವನನ್ನು ಮಣ್ಣಿನ ಮುದ್ದೆ ಎಂದಿದ್ದಳು. ನಾಳೆಯಪ್ಪ ಹದಿನೇಳು ಜನರ ಕಣ್ಣೆದುರು ಮಲಗಿದ, ಗೊರಕೆ ಹೊಡೆದ, ಎದ್ದ. ಒಂದು ಜೇಬೂ ಇಲ್ಲ.

"ಜನ ಇದ್ರೆ ಅಜ್ಜ ಬರಲ್ಲ," ಎಂದು ಬಟನ್ ಮೆಲ್ಲಗೆ ಹೇಳಿದಳು.

ಅದು ಎಲ್ಲರಿಗೂ ಒಪ್ಪಿತವಾಯಿತು. ಮರುದಿನದಿಂದ ಎರಡಕ್ಕೆ ಬಾಗಿಲು ಹಾಕಿ, ಪರದೆ ಎಳೆದು, ಒಳಗೆ ಯಾರೂ ನುಸುಳದಂತೆ ನೋಡಿಕೊಳ್ಳಲು ನಂಬಿಕಸ್ಥರೊಬ್ಬರನ್ನು ಕೂರಿಸುವುದೆಂದು ಹೆಂಡತಿ ತೀರ್ಮಾನಿಸಿದಳು. ಶಾಲೆಗೆ ಪರೀಕ್ಷೆಯ ಓದಿನ ರಜೆ ಬಿಟ್ಟಿತ್ತು. ಬಟನ್‌ಳನ್ನು ಕೂರಿಸಿದರು.

ಏಳನೆಯ ದಿನ ಜೇಬುಗಳ ಸಂಖ್ಯೆ ಐದಕ್ಕೇರಿತು.

ಎಂಟನೆಯ ದಿನ ಪುರಸಭೆಯ ಪರವಾನಗಿ ಗುಮಾಸ್ತ ಬಂದ. "ಹೊಲಿಯೋಕೆ ನಿಮಗೆ ಲೈಸೆನ್ಸ್ ಇದೆ. ಮಲಗೋದಕ್ಕೆ ಲೈಸೆನ್ಸ್ ಬೇಡ. ಎರಡೂ ಒಟ್ಟಿಗೆ ಮಾಡೋರಿಗೆ ನಮ್ಮ ಫಾರಂನಲ್ಲಿ ಕಾಲಂ ಇಲ್ಲ."

"ನಾನು ಬೇಕೂಂತ ಮಾಡ್ತಿಲ್ಲ ಸಾರ್."

"ನೀವು ಮಾಡ್ತಿಲ್ಲ, ನಿಮ್ಮ ಅಜ್ಜ ಮಾಡ್ತಿದಾರೆ ಅಂತ ಬೀದಿಯೋರು ಹೇಳ್ತಾರೆ. ಹಾಗಿದ್ರೆ ಅವರು ಕೆಲಸಗಾರರು. ಅವರ ಗುರುತಿನ ಚೀಟಿ ಬೇಕು."

"ಅವರು ತೀರಿಕೊಂಡು ಆರುನೂರ ಚಿಲ್ಲರೆ ವರ್ಷ ಆಯ್ತು."

ಗುಮಾಸ್ತ ಯೋಚಿಸಿದ. "ವಯೋಮಿತಿ ಮೀರಿದೆ," ಎಂದು ಬರೆದುಕೊಂಡು ಹೋದ.

ಒಳಗೊಳಗೇ ನಾಳೆಯಪ್ಪನಿಗೆ ಒಂದು ವಿಚಿತ್ರ ಸಂಗತಿ ಆಗತೊಡಗಿತ್ತು. ತಾನೇ ಹುಟ್ಟಿಸಿದ ಅಜ್ಜನನ್ನು ಅವನು ನಂಬತೊಡಗಿದ್ದ. ಎರಡಾಗುವುದನ್ನೇ ಕಾಯುತ್ತಿದ್ದ. ಕಣ್ಣು ಮುಚ್ಚಿದರೆ ಸಾಕು, ಗೊರಸಿನ ಸದ್ದು, ತೇಲುವ ನೂಲು, ಆ ಮುಷ್ಟಿ. ಸವಾರ ದಿನದಿಂದ ದಿನಕ್ಕೆ ಎತ್ತರವಾಗುತ್ತಿರುವಂತೆ ತೋರುತ್ತಿತ್ತು.

ಹನ್ನೆರಡನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಬಟ್ಟೆ ಒಪ್ಪಿಸಬೇಕಿತ್ತು. ಸಿದ್ಧವಾದದ್ದು ಮೂವತ್ತು. ಅವುಗಳಲ್ಲಿ ಜೇಬಿದ್ದದ್ದು ಹದಿನೆಂಟು. ನಾಳೆಯಪ್ಪ ಜೇಬಿಲ್ಲದವನ್ನು ಮೇಲಿಟ್ಟು, ಇದ್ದವನ್ನು ಕೆಳಗಿಟ್ಟು ಗಂಟು ಕಟ್ಟಿದ. ತಲೆಯ ಮೇಲೆ ಹೊತ್ತು ಕೋಟೆಗೆ ನಡೆದ. ಹಿಂದೆ ಹೆಂಡತಿ, ಅವಳ ಅಕ್ಕ, ಕಂಪೌಂಡರು, ಇಸ್ತ್ರಿಯವನು, ಇವರೆಲ್ಲರ ಹಿಂದೆ ಬಟನ್.

ಕೋಟೆಯ ಅಂಗಳದಲ್ಲಿ ಮೇಷ್ಟ್ರು ಭೂತಗನ್ನಡಿ ಒರೆಸುತ್ತ ನಿಂತಿದ್ದ. ಮೇಡಂ ಗಂಟು ಬಿಚ್ಚಿದವರೇ, ಎಲ್ಲಕ್ಕಿಂತ ಕೆಳಗಿನದನ್ನೇ ಎಳೆದರು. ಅದು ಲಾಯದ ಹುಡುಗಿಯದು. ನಾಯಕಿಯಾಗಿದ್ದ ಹುಡುಗಿ ಅದನ್ನು ತೊಟ್ಟು ಬಂದಳು. ಅಂದಿನ ಮೊದಲ ದೃಶ್ಯ ಗೋಡೆ ಹತ್ತುವುದು. ಕೈಯಲ್ಲಿ ಮೋಂಬತ್ತಿಯ ತುಂಡು, ಸೀಟಿ, ಒಂದು ರೊಟ್ಟಿಯ ಚೂರು. ಅವಳು ಗೋಡೆಯ ಬುಡದಲ್ಲಿ ನಿಂತು ಮೇಲೆ ನೋಡಿದಳು. ಒಂದು ಕೈಯನ್ನು ಬರಿದು ಮಾಡಿಕೊಳ್ಳಲು ಅತ್ತಿತ್ತ ಹುಡುಕಿದಳು. ಕೈ ತಾನಾಗಿಯೇ ಸೊಂಟದ ಕೆಳಗೆ ಜಾರಿ ಮಾಯವಾಯಿತು.

ಹುಡುಗಿ ನಕ್ಕಳು. ಕ್ಯಾಮೆರಾ ಇದೆ ಎಂಬುದನ್ನೂ ಮರೆತು ನಕ್ಕಳು. ಮೂರನ್ನೂ ಒಳಗೆ ಹಾಕಿ, ಮೇಲಿಂದ ಎರಡು ಸಲ ತಟ್ಟಿ ನೋಡಿ, ಹಲ್ಲಿಯ ಹಾಗೆ ಸರಸರ ಗೋಡೆ ಹತ್ತಿ, ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು, ಆಚೆ ನೋಡಿದಳು. ಗಾಳಿಗೆ ನಿಲುವಂಗಿ ಉಬ್ಬಿತು. ಅಂಗಳದಲ್ಲಿದ್ದವರೆಲ್ಲ ಕತ್ತೆತ್ತಿ ನೋಡಿದರು. ಹೊಸ ಕತ್ತೆ ಕೂಡ.

"ಜೇಬು!" ಎಂದ ಮೇಷ್ಟ್ರು. "ಜೇಬಿದೆ! ಎಲ್ಲಾ ವಾಪಸ್! ಭಾವ, ಬರೆದು ಕೊಟ್ಟಿದ್ನಲ್ಲ, ಕೆಳಗೆ ಎರಡು ಗೆರೆ ಹಾಕಿ!"

ನಿರ್ದೇಶಕ ಶಾಂತ ಮನುಷ್ಯ. ನಾಳೆಯಪ್ಪನನ್ನು ಹತ್ತಿರ ಕರೆದ. "ಅರಮನೆ ದರ್ಜಿಗಳ ಮನೆತನದೋರಂತೆ ನೀವು. ಹೇಳಿ, ಆಗ ಜೇಬು ಇತ್ತಾ?"

ನಾಳೆಯಪ್ಪ ಜೀವಮಾನದಲ್ಲಿ ಮೊದಲ ಸಲ ಪ್ರಶ್ನೆಯೊಂದಕ್ಕೆ ಕೂಡಲೇ ಉತ್ತರ ಕೊಡಬೇಕಾಗಿ ಬಂತು. ಕನಸಿನ ಮುಷ್ಟಿ ಕಣ್ಣ ಮುಂದೆ ಬಂತು.

"ಇತ್ತೋ ಇಲ್ವೋ ಗೊತ್ತಿಲ್ಲ ಸಾರ್. ಆದ್ರೆ ಹದಿನೈದು ವರ್ಷದೋರ ಕೈಯಲ್ಲಿ ಏನೋ ಒಂದು ಇರುತ್ತೆ. ಅಪ್ಪಅಮ್ಮನಿಗೆ ತೋರಿಸೋ ಹಾಗಿರಲ್ಲ. ಬಿಸಾಕೋದಕ್ಕೂ ಮನಸ್ಸು ಬರಲ್ಲ. ಅದನ್ನ ಎಲ್ಲೋ ಒಂದು ಕಡೆ ಇಡಬೇಕಲ್ಲ?"

ನಿರ್ದೇಶಕ ಗೋಡೆಯ ಮೇಲೆ ಕೂತ ಹುಡುಗಿಯನ್ನೂ ನಾಳೆಯಪ್ಪನನ್ನೂ ನೋಡಿದ. "ಇರಲಿ ಮೇಷ್ಟ್ರೇ. ಜೇಬಿರಲಿ."

"ಇದು ಅರಮನೆ ಹೊಲಿಗೆಯೇ ಅಲ್ಲ! ಈಗಿನದ್ದು! ನೋಡಿ ಭಾವ, ನೀವೇ ನೋಡಿ," ಎಂದು ಮೇಷ್ಟ್ರು ಇನ್ನೊಂದು ನಿಲುವಂಗಿ ಎಳೆದು, ಜೇಬಿನ ಅಂಚನ್ನು ಹೊರಳಿಸಿ, ಭೂತಗನ್ನಡಿಯನ್ನು ನಾಳೆಯಪ್ಪನ ಮೂಗಿಗೆ ಹಿಡಿದ.

ಕನ್ನಡಕ ಕಳೆದ ಹತ್ತು ದಿನಗಳಲ್ಲಿ ಮೊದಲ ಸಲ ನಾಳೆಯಪ್ಪನಿಗೆ ಒಂದು ಹೊಲಿಗೆ ಕಾಣಿಸಿತು.

ಅಂಚನ್ನು ಕೈಯಿಂದ ಹೆಮ್ಮಿಂಗ್ ಮಾಡಲಾಗಿತ್ತು. ಚಿಕ್ಕಚಿಕ್ಕ ಹೊಲಿಗೆ, ಒಂದರ ಹಾಗೆ ಇನ್ನೊಂದು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಅವನೂ ಅಷ್ಟು ಚೆನ್ನಾಗಿ ಮಾಡಿ ವರ್ಷಗಳಾಗಿದ್ದವು. ಆದರೆ ಎಲ್ಲವೂ ತಿರುಗಿ ನಿಂತಿದ್ದವು. ಬಲಗೈಯವರ ಹೊಲಿಗೆ ಒಂದು ಕಡೆ ವಾಲುತ್ತದೆ. ಇದು ಇನ್ನೊಂದು ಕಡೆಗೆ ವಾಲಿತ್ತು. ಬಿಳಿ ಬಟ್ಟೆಯ ಮೂಲೆಯಲ್ಲಿ ಒಂದು ಸಣ್ಣ ನೀಲಿ ಗುರುತು, ಕಿರುಬೆರಳಿನ ಅಂಚಿನಷ್ಟು.

ಟಕಟಕಟಕ ಎಂದು ಓಡಿ ಬಂದು ನಿಂತು, ಮತ್ತೆ ಟಕಟಕ ಎನ್ನುತ್ತಿದ್ದ ಕುದುರೆ ಯಾವುದೆಂದು ಅವನಿಗೆ ಆಗ ಹೊಳೆಯಿತು. ಅದು ಅವನ ಅಂಗಡಿಯಲ್ಲೇ ಇತ್ತು. ಅದಕ್ಕೆ ಅವನು ತಿಂಗಳಿಗೊಮ್ಮೆ ಎಣ್ಣೆ ಹಾಕುತ್ತಿದ್ದ.

"ಏನು ಭಾವ, ನಿಮ್ಮ ಅಜ್ಜನ ಕೈಯಾ?" ಎಂದ ಮೇಷ್ಟ್ರು.

ಹೌದು ಎಂದುಬಿಟ್ಟರೆ ಅಜ್ಜನೂ ಉಳಿಯುತ್ತಿದ್ದ, ಅರಮನೆಯೂ ಉಳಿಯುತ್ತಿತ್ತು, ಹೆಂಡತಿಯ ಅಕ್ಕನ ಗೌರವವೂ ಉಳಿಯುತ್ತಿತ್ತು.

"ನಮ್ಮ ಮುತ್ತಜ್ಜ ಗೋಣಿಚೀಲ ಹೊಲೀತಿದ್ದ," ಎಂದ ನಾಳೆಯಪ್ಪ, ಎಲ್ಲರಿಗೂ ಕೇಳುವಂತೆ. "ಅರಮನೆ ಕಥೆ ನಾನು ಕಟ್ಟಿದ್ದು. ಈ ಜೇಬೂ ನನ್ನದಲ್ಲ. ನನ್ನ ಮಗಳದ್ದು."

ಹೆಂಡತಿಯ ಅಕ್ಕ ತಿಂಡಿ ಡಬ್ಬಿಯನ್ನು ವಾಪಸು ಚೀಲಕ್ಕೆ ಹಾಕಿಕೊಂಡಳು.

ಬಟನ್ ಮುಂದೆ ಬಂದಳು. ಓಡಿಹೋಗುವ ಯೋಚನೆ ಇತ್ತೆಂದು ಅವಳ ಕಾಲುಗಳು ಹೇಳುತ್ತಿದ್ದವು. "ಮೊದಲ ದಿನ ಪ್ರಾಕ್ಟೀಸ್ ನೋಡೋಕೆ ಬಂದಿದ್ದೆ," ಎಂದಳು. "ಆ ಅಕ್ಕ ಗೋಡೆ ಹತ್ತೋವಾಗ ನಾಲ್ಕು ಸಲ ಸೀಟಿ ಬೀಳಿಸಿದ್ರು. ಸೊಂಟದ ಚೀಲ ಎರಡು ಸಲ ಕಲ್ಲಿಗೆ ಸಿಕ್ಕಿಕೊಳ್ತು. ಮಾಮ ಬರೆದುಕೊಂಡ್ರು, ಆದ್ರೆ ಚೀಲದ ಬಣ್ಣ ಸರಿ ಇಲ್ಲ ಅಂತ ಮಾತ್ರ. ಅದಕ್ಕೆ ಜೇಬು ಕಲಿತೆ. ಬೇರೆಯವೆಲ್ಲ ಅಭ್ಯಾಸಕ್ಕೆ. ಅವರದ್ದನ್ನ ನಿನ್ನೆ ಇಟ್ಟೆ."

"ಮತ್ತೆ ನಾನು ನಿದ್ದೆಯಲ್ಲಿ ಹೊಲಿದಿದ್ದು?" ಎಂದ ನಾಳೆಯಪ್ಪ, ಕೊನೆಯ ಆಸೆಯಿಂದ.

"ನೀನು ನಿದ್ದೆಯಲ್ಲಿ ಗೊರಕೆ ಹೊಡೀತೀಯ, ಅಪ್ಪ. ಅಷ್ಟೇ."

ಮೇಷ್ಟ್ರು ಭೂತಗನ್ನಡಿಯನ್ನು ಜೇಬಿನಲ್ಲಿಟ್ಟುಕೊಂಡ. ತನ್ನ ಜೇಬಿನಲ್ಲಿ. ಮೇಡಂ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿ, "ಉಳಿದ ಹನ್ನೊಂದು ಯಾವಾಗ?" ಎಂದರು.

ನಾಳೆಯಪ್ಪ ಬಾಯಿ ತೆರೆದ. ಏನು ಹೇಳುತ್ತಾನೆಂದು ಕತ್ತೆಗೂ ಗೊತ್ತಿತ್ತು.

"ಸಂಜೆ ಐದಕ್ಕೆ," ಎಂದಳು ಬಟನ್. "ಅಪ್ಪ ಹನ್ನೊಂದನ್ನೂ ಕತ್ತರಿಸಿಟ್ಟಿದಾರೆ. ಕೂಡಿಸೋದಷ್ಟೇ ಬಾಕಿ."

ಆ ಮಧ್ಯಾಹ್ನ ಎರಡು ಗಂಟೆಗೆ ನಾಳೆಯಪ್ಪ ಮಲಗಲಿಲ್ಲ. ಹಿತ್ತಿಲಿನಿಂದ ನಾಲ್ಕು ಇಟ್ಟಿಗೆ ತಂದು ಮೆಷಿನ್ನಿನ ನಾಲ್ಕು ಕಾಲಿನ ಕೆಳಗೂ ಒಂದೊಂದು ಇಟ್ಟ. "ಕತ್ತು ಬಗ್ಗಬಾರದು. ಬಗ್ಗಿತೋ, ಮೆಷಿನ್ ಮಾರ್ತೀನಿ. ಪರೀಕ್ಷೆಯಲ್ಲಿ ಫೇಲಾದ್ರೂ ಮಾರ್ತೀನಿ," ಎಂದ. ತಾನು ಹೆಮ್ಮಿಂಗ್‌ಗೆ ಕೂತ. ಬಟನ್ ಪೆಡಲು ತುಳಿದಳು. ಟಕಟಕಟಕ. ಬಿಸಿಲು ಒಳಗೆ ಬಿತ್ತು, ನೂಲಿನ ಎಳೆಗಳು ಅವಸರವಿಲ್ಲದೆ ತೇಲಿದವು. ಐದಕ್ಕೆ ಹತ್ತು ನಿಮಿಷ ಇರುವಾಗ ಹನ್ನೊಂದನೆಯ ನಿಲುವಂಗಿ ಮುಗಿಯಿತು. ಎದುರಿನ ಇಸ್ತ್ರಿಯವನು ಗಡಿಯಾರ ಕೆಟ್ಟಿದೆಯೇನೋ ಎಂದು ಕಿವಿಗೆ ಹಿಡಿದು ನೋಡಿದ.

"ಕಡೇ ಹೊಲಿಗೆ ಸರಿ ಇದೆಯಾ ನೋಡಪ್ಪ."

"ಏನು ನೋಡ್ಲಿ? ಕನ್ನಡಕ ಎಲ್ಲಿದೆ?" ವಾಸ್ಕೋಟಿನ ಜೇಬು ತಟ್ಟಿದ. ಒಂದು, ಎರಡು, ಮೂರು, ನಾಲ್ಕು.

ಬಟನ್ ಎದ್ದು ಬಂದು, ವಾಸ್ಕೋಟಿನ ಎಡ ಮಗ್ಗುಲನ್ನು ಹೊರಳಿಸಿ, ಅಸ್ತರಿನೊಳಗೆ ಪಕ್ಕೆಲುಬಿನ ನೇರಕ್ಕೆ ಎರಡು ಬೆರಳು ಹಾಕಿದಳು. ಕನ್ನಡಕ ಹೊರಬಂತು.

"ಐದನೇದು. ಮೊದಲು ಹೊಲಿದಿದ್ದು ಇದೇ. ನಿನಗೆ ಸರಿಯಾಗಿ ಕಂಡುಬಿಟ್ರೆ ಜೇಬೆಲ್ಲ ಬಿಚ್ಚಿಬಿಡ್ತೀಯ ಅಂತ ಕನ್ನಡಕನೂ ಅದರಲ್ಲೇ ಇಟ್ಟೆ."

ಹತ್ತು ದಿನದ ವಾಯು ಒಂದೇ ಕ್ಷಣದಲ್ಲಿ ವಾಸಿಯಾಯಿತು.

ನಾಳೆಯಪ್ಪ ಕನ್ನಡಕ ಹಾಕಿಕೊಂಡ. ನಿಲುವಂಗಿಯನ್ನು ನೋಡಬೇಕಾದವನು ಮಗಳನ್ನು ನೋಡಿದ. ಏನೋ ಹೊಂದಲಿಲ್ಲ. ಕೊರಳಿನ ಟೇಪು ತೆಗೆದು, ಗೋಡೆಗೆ ಒರಗಿಸಿ ನಿಲ್ಲಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದ. ಅಳತೆಯ ಪುಸ್ತಕ ತೆಗೆದು ಹಿಂದಿನದನ್ನು ಹುಡುಕಿದ. ನಾಲ್ಕು ಅಡಿ ಎಂಟು ಇಂಚು. ಈಗ ಐದು ಅಡಿ ಎರಡು. ಮತ್ತೊಂದು ಸಲ ಅಳೆದ. ಟೇಪು ಸುಳ್ಳು ಹೇಳುವಂಥದ್ದಲ್ಲ.

"ಇದು ಯಾವಾಗ ಆಯ್ತು?" ಎಂದು ಕೇಳಿದ.

"ನೀನು ಮಲಗಿದ್ದಾಗ," ಎಂದಳು ಬಟನ್.